ಜುಕಿನಿ: ಹಬೆಯಲ್ಲೋ, ಬಾಣಲೆಯಲ್ಲೋ?

ತೂಕ ಇಳಿಸುವ ಆಪರೇಷನ್ ಆದ ಮೇಲೆ ಬಳ್ಳಾರಿಯ ನಮ್ಮ ಅಕ್ಕನಿಗೆ ಜುಕಿನಿ (ಸೌತೆಕಾಯಿ ಥರ ಕಾಣುವ ತರಕಾರಿ) ಎರಡೂ ಥರ ಮಾಡಿಕೊಟ್ಟೆ.

ಮೆತ್ತಗಿನ ಊಟ ಶುರುವಾದಾಗ ಹಬೆಯಲ್ಲಿ ಬೇಯಿಸಿದ್ದೇ ಸರಿ. ಸಿಪ್ಪೆ, ಬೀಜ ತೆಗೆಯಿರಿ. ಚಮಚದ ಬೆನ್ನಿಂದ ಒತ್ತಿದರೆ ನುಣ್ಣಗಾಗಬೇಕು. ಆದರೆ ಜುಕಿನಿಯಲ್ಲಿ ಶೇ. 95ರಷ್ಟು ನೀರೇ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ಅಷ್ಟೇ. ಆಪರೇಷನ್‌ನಿಂದ ಪುಟ್ಟದಾದ ಹೊಟ್ಟೆ ಅದರಿಂದಲೇ ತುಂಬಿ, ಪ್ರೋಟೀನ್‌ಗೆ ಜಾಗ ಇಲ್ಲದೆ ಹೋದರೆ ನಷ್ಟ ಅಲ್ವಾ? ಅದಕ್ಕೇ ಹೆಸರುಬೇಳೆ ಸೇರಿಸಿ, ಗಟ್ಟಿ ಮೊಸರು ಬೆರೆಸಿ ಕೊಡುತ್ತಿದ್ದೆ.

ಬಾಣಲೆಯಲ್ಲಿ ಬಾಡಿಸಿದ್ದಕ್ಕೆ ರುಚಿ ಜಾಸ್ತಿ. ಒಂದು ಚಮಚ ಎಣ್ಣೆ, ಜೀರಿಗೆ, ಸಣ್ಣ ಉರಿ. ಡಾಕ್ಟರು ಮಾಮೂಲಿ ಊಟಕ್ಕೆ ಹೂಂ ಅಂದ ಮೇಲೆ ನನ್ನ ಆಯ್ಕೆ ಇದೇ. ಮೊಟ್ಟೆ ಒಡೆದು ಹಾಕಿದರೆ ಇನ್ನೂ ಒಳ್ಳೆಯದು.

ಬಜ್ಜಿ ಮಾತ್ರ ಬೇಡ. ಸಂಜೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ವಾಸನೆ ಬಂದಾಗ ಕಷ್ಟ, ಗೊತ್ತು. ಊಟದ ಜೊತೆ ನೀರೂ ಬೇಡ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಲಿ.