ಮಾರ್ಖಾ, ಕಾಶ್ಮೀರದ ಸರೋವರಗಳು, ಅನ್ನಪೂರ್ಣ: ರಾತ್ರಿಯ ಊಟ ಯಾರು ಬಡಿಸುತ್ತಾರೆ?

ಹಿಮಾಲಯದಲ್ಲಿ ಯಾವ ಚಾರಣಕ್ಕೆ ಹೋಗಲಿ ಎಂದು ಕೇಳುವವರು ಸಾಮಾನ್ಯವಾಗಿ ಮೊಬೈಲ್ ಮುಂದೆ ಹಿಡಿದು, ಎರಡು ಮೂರು ಚಿತ್ರ ತೋರಿಸಿ, ಇವುಗಳಲ್ಲಿ ಯಾವುದು ಚೆಂದ ಎನ್ನುತ್ತಾರೆ. ಚೆಂದಕ್ಕೇನು ಬರ, ಎಲ್ಲವೂ ಚೆಂದವೇ. ನಾನು ತಿರುಗಿ ಕೇಳುವುದು ಬೇರೆ ಪ್ರಶ್ನೆ: ಸಂಜೆ ಚೀಲ ಇಳಿಸಿ ಕೂತ ಮೇಲೆ ನಿಮಗೆ ಊಟ ಬಡಿಸುವವರು ಯಾರು? ಇದೊಂದು ಗೊತ್ತಾದರೆ ಚೀಲದ ತೂಕ, ರಜೆ, ಖರ್ಚು, ಜೊತೆಗೆ ಯಾರನ್ನು ಕರೆದುಕೊಂಡು ಹೋಗಬಹುದು ಎಂಬುದೆಲ್ಲ ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ.

ನಾನು ನಡೆದು ನೋಡಿದ ಮೂರು ಹಾದಿಗಳಲ್ಲಿ ಇದಕ್ಕೆ ಮೂರು ಬೇರೆ ಬೇರೆ ಉತ್ತರಗಳಿವೆ. ಲಡಾಖ್‌ನ ಮಾರ್ಖಾ ಕಣಿವೆಯಲ್ಲಿ ಹಳ್ಳಿಯ ಮನೆಯವರು ಬಡಿಸುತ್ತಾರೆ. ಕಾಶ್ಮೀರದಲ್ಲಿ ಸೋನಾಮಾರ್ಗ್‌ನಿಂದ ನಾರಾನಾಗ್‌ವರೆಗಿನ ಸರೋವರಗಳ ಹಾದಿಯಲ್ಲಿ ನಾವೇ ಬೇಯಿಸಿಕೊಳ್ಳಬೇಕು, ಇಲ್ಲವೇ ಅಡುಗೆಯವರನ್ನೂ ಹೇಸರಗತ್ತೆಗಳನ್ನೂ ಜೊತೆಗೆ ಕರೆದೊಯ್ಯಬೇಕು. ನೇಪಾಳದ ಅನ್ನಪೂರ್ಣ ಸುತ್ತಿನಲ್ಲಿ ದಾರಿಯುದ್ದಕ್ಕೂ ಲಾಡ್ಜ್‌ಗಳಿವೆ, ಊಟದ ಪಟ್ಟಿ ಸಮೇತ.

ಮೊದಲು ಮಾರ್ಖಾ. ನನ್ನ ಪಕ್ಷಪಾತ ಅದರ ಕಡೆಗೇ ಇರುವುದನ್ನು ಮುಚ್ಚಿಡುವುದಿಲ್ಲ. ಇದು ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗಿನ ಕಣಿವೆ. ಹಿಮಚಿರತೆಗಳ ನಾಡು. ಚಿರತೆ ರಾತ್ರಿ ದೊಡ್ಡಿಗೆ ಇಳಿದು ಕುರಿಗಳನ್ನು ಮುರಿದರೆ ಹಳ್ಳಿಯವರಿಗೆ ಅದರ ಮೇಲೆ ಪ್ರೀತಿ ಹುಟ್ಟುವುದಾದರೂ ಹೇಗೆ? ಆ ನಷ್ಟಕ್ಕೆ ಎದುರಾಗಿ ಒಂದಿಷ್ಟು ಆದಾಯ ಸಿಗಲಿ ಎಂಬ ಲೆಕ್ಕಾಚಾರದಲ್ಲಿ 2000ರ ದಶಕದ ಆರಂಭದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳು ಶುರುವಾದವು. ಕೆಲವು ಊರುಗಳಲ್ಲಿ ಸರದಿ ಪದ್ಧತಿ ಇದೆ. ಇವತ್ತಿನ ಅತಿಥಿಗಳು ಈ ಮನೆಗೆ, ನಾಳೆಯವರು ಆ ಮನೆಗೆ. ಯಾರ ಮನೆಯ ಕಿಟಕಿಯಿಂದ ನೋಟ ಚೆನ್ನಾಗಿದೆ ಎಂದು ಆರಿಸಿಕೊಳ್ಳಲು ಹೊರಟವರಿಗೆ ಇದು ಕಿರಿಕಿರಿ. ನನಗೆ ಇಷ್ಟವಾದದ್ದೇ ಇದು.

ಸಂಜೆ ಎಲ್ಲರೂ ಸೇರುವುದು ಅಡುಗೆಮನೆಯಲ್ಲಿ. ನಡುವೆ ಒಲೆ, ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಹಿತ್ತಾಳೆ, ತಾಮ್ರದ ಪಾತ್ರೆಗಳು, ನೆಲಕ್ಕೆ ದಪ್ಪ ಹಾಸು, ಮುಂದೆ ಗಿಡ್ಡ ಮೇಜು. ಒಲೆಗೆ ಒಣಗಿದ ಸಗಣಿ. ಮನೆಯೊಡತಿ, ಅಲ್ಲಿನವರು ಕರೆಯುವಂತೆ ಅಮಾ-ಲೇ, ಹಿಟ್ಟನ್ನು ಚೂರು ಚೂರಾಗಿ ಕಿವುಚಿ, ಬೆರಳಿನಿಂದ ಒತ್ತಿ ಗುಳಿ ಮಾಡಿ ಕುದಿಯುವ ಎಸರಿಗೆ ಬಿಡುತ್ತಾರೆ. ಅದರಲ್ಲೇ ಆಲೂಗಡ್ಡೆ, ಬಟಾಣಿ, ಮನೆಯಂಗಳದ ಸೊಪ್ಪು. ಈ ಸ್ಕ್ಯೂ ಎಂಬ ಊಟ ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ, ಬೇಡ ಎಂದರೂ ಬಿಡುವುದಿಲ್ಲ. ಬೆಳಿಗ್ಗೆ ಕಂಬೀರ್ ರೊಟ್ಟಿ, ಉಪ್ಪು ಮತ್ತು ಬೆಣ್ಣೆ ಹಾಕಿದ ಚಹಾ. ಜವೆಗೋಧಿಯ ಹುರಿಹಿಟ್ಟನ್ನು ಅದೇ ಚಹಾದಲ್ಲಿ ಕಲಸಿ ತಿನ್ನುವುದೂ ಉಂಟು. ರಾಗಿ ಹುರಿಹಿಟ್ಟು ತಿಂದು ಬೆಳೆದವರಿಗೆ ಇದನ್ನು ಹೇಗೆ ತಿನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಡುವಾಗ ದಾರಿಗೆ ಬುತ್ತಿ ಕಟ್ಟಿಕೊಡುತ್ತಾರೆ: ರೊಟ್ಟಿ, ಬೇಯಿಸಿದ ಮೊಟ್ಟೆ, ಬೇಯಿಸಿದ ಆಲೂಗಡ್ಡೆ. ರಾತ್ರಿಯ ಊಟ, ತಿಂಡಿ, ಬುತ್ತಿ, ಹಾಸಿಗೆ, ಎಲ್ಲಕ್ಕೂ ಸೇರಿ ತಲೆಗೆ ಇಷ್ಟು ಎಂದು ಒಂದೇ ದರ. ನಗದು ಬೇಕು. ಲೇಹ್ ಬಿಟ್ಟ ಮೇಲೆ ಎಟಿಎಂ ಹುಡುಕುವ ಮಾತೇ ಇಲ್ಲ.

ಇದರ ಫಲ ನೇರವಾಗಿ ಬೆನ್ನಿನ ಮೇಲೆ ಕಾಣುತ್ತದೆ. ಮಾರ್ಖಾದಲ್ಲಿ ನನ್ನ ಚೀಲ ನೀರು ಸೇರಿ ಎಂಟು ಕಿಲೋ ಇತ್ತು. ಡೇರೆ ಇಲ್ಲ, ಒಲೆ ಇಲ್ಲ, ಮನೆಗಳಲ್ಲಿ ದಪ್ಪ ಕಂಬಳಿ ಕೊಡುವುದರಿಂದ ಒಳಗೆ ಹೊದೆಯಲು ತೆಳುವಾದ ಹತ್ತಿಯ ಚೀಲವೊಂದೇ ಸಾಕು. ಕಾಶ್ಮೀರದಲ್ಲಿ ಅದೇ ಬೆನ್ನಿನ ಮೇಲೆ ಹದಿನೈದು ಕಿಲೋ.

ಆ ಹದಿನೈದು ಎಲ್ಲಿಂದ ಬಂತು ನೋಡಿ. ಹಂಚಿಕೊಂಡ ಮೇಲೂ ಡೇರೆಯ ಪಾಲು ಒಂದೂಕಾಲು ಕಿಲೋ, ಸ್ಲೀಪಿಂಗ್ ಬ್ಯಾಗ್ ಒಂದೂವರೆ, ಕೆಳಗೆ ಹಾಸುವ ಮ್ಯಾಟ್ ಅರ್ಧ, ಒಲೆ, ಗ್ಯಾಸ್, ಪಾತ್ರೆ ಸೇರಿ ಒಂದು, ಖಾಲಿ ಚೀಲದ ತೂಕವೇ ಎರಡು. ಒಣ ಆಹಾರ ದಿನಕ್ಕೆ ತಲೆಗೆ 600ರಿಂದ 700 ಗ್ರಾಂ ಹಿಡಿದರೆ ಒಂದು ವಾರಕ್ಕೆ ನಾಲ್ಕೂವರೆ ಕಿಲೋ. ಉಳಿದದ್ದು ಬಟ್ಟೆ, ಮಳೆಯಂಗಿ, ನೀರು, ಔಷಧ. ಎಲ್ಲಿ ಕಡಿಮೆ ಮಾಡುತ್ತೀರಿ? ಹಲ್ಲುಜ್ಜುವ ಬ್ರಷ್‌ನ ಹಿಡಿ ಮುರಿದು ಗ್ರಾಂ ಉಳಿಸುವವರನ್ನು ನೋಡಿದ್ದೇನೆ. ಅವರೇ ಎರಡು ಜೀನ್ಸ್ ತಂದಿದ್ದರು.

ಒಲೆ ಹೊತ್ತು ಹೋಗುವವರು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅದನ್ನು ಶ್ರೀನಗರದಲ್ಲೋ ಲೇಹ್‌ನಲ್ಲೋ ಕೊಳ್ಳಬೇಕು, ಅದಕ್ಕೆ ಅರ್ಧ ದಿನ ಎತ್ತಿಡಬೇಕು. ಎರಡನೆಯದು, ಎತ್ತರ ಏರಿದಂತೆ ಹೆಚ್ಚುಕಡಿಮೆ 300 ಮೀಟರ್‌ಗೆ ಒಂದು ಡಿಗ್ರಿಯಂತೆ ನೀರು ಬೇಗ ಕುದಿಯುತ್ತದೆ. 4,000 ಮೀಟರ್‌ನಲ್ಲಿ ಕುದಿಯುವ ನೀರಿನ ಬಿಸಿ ಸುಮಾರು 86 ಡಿಗ್ರಿ ಮಾತ್ರ. ಕುಕ್ಕರ್ ಇಲ್ಲದೆ ಬೇಳೆಯೂ ಬೇಯುವುದಿಲ್ಲ, ಅಕ್ಕಿಯೂ ನಡುವೆ ಗಟ್ಟಿ ಉಳಿಯುತ್ತದೆ. ಇಂಥಲ್ಲಿ ಅವಲಕ್ಕಿಯನ್ನು ಮೀರಿಸುವ ಆಹಾರ ನನಗೆ ಸಿಕ್ಕಿಲ್ಲ. ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಊಟ ಸಿದ್ಧ. ಗೊಜ್ಜಿನ ಪುಡಿ, ಚಟ್ನಿಪುಡಿ, ಕಡಲೆಬೀಜ ಮನೆಯಿಂದಲೇ ಬೆರೆಸಿ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆವು. ಪಕ್ಕದ ಡೇರೆಯವರು ದುಬಾರಿ ಬೆಲೆ ಕೊಟ್ಟು ತಂದ ಸಿದ್ಧ ಊಟದ ಪೊಟ್ಟಣಗಳನ್ನು ಬದಿಗಿಟ್ಟು ನಮ್ಮ ಅವಲಕ್ಕಿಗೆ ಬಟ್ಟಲು ಚಾಚಿದರು.

ಹಾಗಾದರೆ ಕಾಶ್ಮೀರಕ್ಕೆ ಹೋಗುವುದೇಕೆ? ಹಾದಿಗಾಗಿ. ಸೋನಾಮಾರ್ಗ್ ಬಿಟ್ಟು, ಭೂರ್ಜದ ಮರಗಳ ಗಡಿ ದಾಟಿ, ನಿಚ್‌ನಾಯ್ ಕಣಿವೆಬಾಗಿಲು, ಅಂದರೆ ಪಾಸ್, ಏರಿ ಇಳಿದರೆ ವಿಶನ್‌ಸರ್ ಸರೋವರ, ಅದರ ಮೇಲೆ ಕಿಶನ್‌ಸರ್. ಮರುದಿನ 4,200 ಮೀಟರ್ ಆಸುಪಾಸಿನ ಗಡ್‌ಸರ್ ಪಾಸ್ ಹತ್ತಿ ಹಿಂತಿರುಗಿ ನೋಡಿದರೆ ಎರಡು ಸರೋವರಗಳೂ ಒಟ್ಟಿಗೆ ಕೆಳಗೆ ಕಾಣುತ್ತವೆ, ಒಂದರ ಬಣ್ಣ ಒಂದಕ್ಕಿಲ್ಲ. ಮುಂದೆ ಸತ್‌ಸರ್, ಜಾಚ್ ಪಾಸ್, ಕೊನೆಗೆ 5,142 ಮೀಟರ್‌ನ ಹರ್‌ಮುಖ್ ಬೆಟ್ಟದ ಅಡಿಯಲ್ಲಿ ಗಂಗಾಬಲ್, ನುಂದ್‌ಕೋಲ್. ಪ್ರತಿದಿನ ಹೊಸ ನೀರು, ಹೊಸ ಹುಲ್ಲುಗಾವಲು. ಮಾರ್ಖಾದ ಕಣಿವೆ ಇದರ ಮುಂದೆ ಬರೀ ಕಲ್ಲು ಮಣ್ಣು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಕುದುರೆಮುಖದ ಹುಲ್ಲುಬೆಟ್ಟಗಳನ್ನು ಪ್ರೀತಿಸುವವರಿಗೆ ಕಾಶ್ಮೀರ ಬೇಗ ಹಿಡಿಸುತ್ತದೆ, ಇಂಬಳದ ಕಾಟವೂ ಇಲ್ಲ.

ಆದರೆ ಆ ಹಸಿರು ಸುಮ್ಮನೆ ಬಂದದ್ದಲ್ಲ. ಮಧ್ಯಾಹ್ನವಾದರೆ ಮಳೆ. ಒದ್ದೆಯಾದ ಡೇರೆ ಬೆಳಿಗ್ಗೆ ಮಡಿಸುವಾಗ ಮತ್ತೆ ಅರ್ಧ ಕಿಲೋ ಭಾರವಾಗಿರುತ್ತದೆ. ದಾರಿಯಲ್ಲಿ ಊರುಗಳಿಲ್ಲ. ಬೇಸಿಗೆಗೆ ಮಂದೆ ಹೊಡೆದುಕೊಂಡು ಬಂದ ಗುಜ್ಜರ್, ಬಕರ್‌ವಾಲ್ ಕುಟುಂಬಗಳ ಬಿಡಾರಗಳು ಅಲ್ಲಲ್ಲಿ ಇವೆ, ಆದರೆ ಅವರ ಹಿಟ್ಟು ಅವರಿಗೇ ಲೆಕ್ಕದ್ದು, ಅದನ್ನು ನಂಬಿ ಯೋಜನೆ ಹಾಕಬಾರದು. ಇನ್ನೊಮ್ಮೆ ಇದೇ ಕಡೆ ಚಾರಣ ಸಂಸ್ಥೆಯೊಂದರ ತಂಡದೊಂದಿಗೆ, ಊಟ ವಸತಿ ಎಲ್ಲ ಅವರದೇ ಎಂಬ ಏರ್ಪಾಡಿನಲ್ಲಿ ಹೋಗಿದ್ದೆ. ಚೀಲ ಹಗುರವಾಯಿತು ನಿಜ. ಒಂದು ಸಂಜೆ ಹೇಸರಗತ್ತೆಗಳು ಕತ್ತಲಾದ ಮೇಲೆ ಬಂದವು, ಅಲ್ಲಿಯವರೆಗೆ ಡೇರೆಯೂ ಇಲ್ಲ, ಚಹಾವೂ ಇಲ್ಲ, ಮಳೆಯಂತೂ ಇತ್ತು. ಕೇಳಿದರೆ ಒಬ್ಬರ ಮೇಲೊಬ್ಬರು ಹೇಳಿದರು. ಅಂದಿನಿಂದ ಯಾರ ಜೊತೆ ಹೋದರೂ ಒಂದು ಹೊತ್ತಿನ ಊಟ, ಬೆಚ್ಚನೆಯ ಅಂಗಿ ನನ್ನ ಬೆನ್ನಿನ ಮೇಲೆಯೇ ಇರುತ್ತದೆ.

ಕಾಗದಪತ್ರದ ವಿಷಯವೂ ಇದೆ. ಗಡಿ ನಿಯಂತ್ರಣ ರೇಖೆ ದೂರವಿಲ್ಲದ ಕಾರಣ ನಡುವೆ ಸೇನೆಯ ಶಿಬಿರಗಳಲ್ಲಿ ಗುರುತಿನ ಚೀಟಿ ನೋಡುತ್ತಾರೆ, ಮೂಲಪ್ರತಿಯೇ ಬೇಕು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಕಾಶ್ಮೀರದ ಹಲವು ತಾಣಗಳನ್ನು ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಆದ್ದರಿಂದ ಈ ವರ್ಷ ಹಾದಿ ತೆರೆದಿದೆಯೇ ಎಂದು ವಿಚಾರಿಸಿ ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ. ಜಮ್ಮು ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ಕರ್ನಾಟಕದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಬೇಕು. ಹಾದಿಯ ಮೇಲಂತೂ ಬಹುಪಾಲು ಅದೂ ಇಲ್ಲ.

ಈಗ ಉಸಿರಿನ ವಿಷಯ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಪಟ್ಟಣವೇ 3,500. ಬೆಂಗಳೂರಿನಲ್ಲಿ ರಾತ್ರಿ ಹೊರಟು, ದೆಹಲಿಯಲ್ಲಿ ವಿಮಾನ ಬದಲಿಸಿ, ಬೆಳಿಗ್ಗೆ ಅಲ್ಲಿ ಇಳಿಯುವ ದೇಹಕ್ಕೆ ಏನಾಗಿದೆಯೆಂದೇ ತಿಳಿಯುವುದಿಲ್ಲ. ತೆಳುವಾದ ಗಾಳಿಗೆ ಅದು ಹೊಂದಿಕೊಳ್ಳುವವರೆಗೆ ಎರಡು ದಿನ ಏನೂ ಮಾಡದೆ ಬಿದ್ದಿರಬೇಕು. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಈ ಲೆಕ್ಕದಲ್ಲಿ ಮಾರ್ಖಾ ಮೊದಲು ಉದಾರವಾಗಿದೆ. ಆರಂಭದ ಹಳ್ಳಿಗಳಾದ ಚಿಲಿಂಗ್, ಸ್ಕ್ಯೂ (ಊಟದ ಹೆಸರೇ ಊರಿಗೂ) ಎರಡೂ ಲೇಹ್‌ಗಿಂತ ತಗ್ಗಿನಲ್ಲಿವೆ, ಮಾರ್ಖಾ ಹಳ್ಳಿ 3,700ರ ಸುಮಾರು, ಹಂಕರ್ 4,000. ಅಲ್ಲಿಂದ ನಿಮಾಲಿಂಗ್‌ಗೆ ಒಂದೇ ದಿನದಲ್ಲಿ 4,800. ಸಮಸ್ಯೆ ಇರುವುದು ಇಲ್ಲಿ. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಸಲಹೆ. ಹಾಗಾಗಿ ನಡುವೆ ಥೊಚುಂಗ್‌ಸೆಯಲ್ಲಿ ಒಂದು ರಾತ್ರಿ ತಂಗುವುದು ಲೇಸು, ನೋಡಲು ವಿಶೇಷವೇನೂ ಇಲ್ಲದಿದ್ದರೂ. ನಿಮಾಲಿಂಗ್‌ನಲ್ಲಿ ಮನೆಗಳಿಲ್ಲ, ಬೇಸಿಗೆಯಲ್ಲಿ ಹಾಕುವ ಡೇರೆಗಳಿವೆ, ಊಟವೂ ಅಲ್ಲೇ. ಎದುರಿಗೆ ಕಾಂಗ್ ಯತ್ಸೆ ಶಿಖರ. ಮರುದಿನ ಸುಮಾರು 5,200 ಮೀಟರ್‌ನ ಕೊಂಗ್‌ಮಾರು ಲಾ ಎಂಬ ಪಾಸ್ ದಾಟಿ ಶಾಂಗ್ ಸುಮ್ದೊ ಕಡೆಗೆ ಇಳಿತ.

ಕಾಶ್ಮೀರದಲ್ಲಿ ಎತ್ತರ ಇಷ್ಟು ಕಾಡುವುದಿಲ್ಲ. ಶ್ರೀನಗರ 1,600, ಸೋನಾಮಾರ್ಗ್ 2,700, ಎಲ್ಲೂ 4,200 ಮೀರುವುದಿಲ್ಲ. ಆದರೆ ಕೊನೆಯ ದಿನ ನಾರಾನಾಗ್‌ಗೆ ಸಾವಿರ ಮೀಟರ್‌ಗೂ ಮಿಕ್ಕಿದ ಇಳಿತ ಮೊಣಕಾಲುಗಳ ಲೆಕ್ಕ ಚುಕ್ತಾ ಮಾಡುತ್ತದೆ. ತಯಾರಿಗೆ ಜಿಮ್‌ಗಿಂತ ಕುಮಾರಪರ್ವತ ಒಳ್ಳೆಯದು, ಅದೂ ಹತ್ತುವಾಗ ಅಲ್ಲ, ಭಾರ ಹೊತ್ತು ಕುಕ್ಕೆಯ ಕಡೆಗೆ ಇಳಿಯುವಾಗ.

ಅನ್ನಪೂರ್ಣದ ಬಗ್ಗೆ ಹೆಚ್ಚು ಹೇಳಲಾರೆ. ವ್ಯವಸ್ಥೆ ಅಚ್ಚುಕಟ್ಟು. ಲಾಡ್ಜ್‌ನ ಕೋಣೆಗೆ ಬಾಡಿಗೆ ಕಡಿಮೆ, ಆದರೆ ಊಟ ಅಲ್ಲಿಯೇ ಮಾಡಬೇಕೆಂಬುದು ಒಪ್ಪಂದ. ಮೇಲೇರಿದಂತೆ ಬೆಲೆಯೂ ಏರುತ್ತದೆ, ಮೊಬೈಲ್ ಚಾರ್ಜ್ ಮಾಡಲು, ಬಿಸಿನೀರಿಗೆ ಬೇರೆ ದುಡ್ಡು. ಪಟ್ಟಿಯಲ್ಲಿ ಪಿಜ್ಜಾ, ಪಾಸ್ತಾ ಏನೇ ಇದ್ದರೂ ದಾಲ್‌ಭಾತ್ ಹೇಳುವುದೇ ಜಾಣತನ, ಅನ್ನ ಬೇಳೆ ಕೇಳಿದಷ್ಟು ಮತ್ತೆ ಬಡಿಸುತ್ತಾರೆ. ತಗ್ಗಿನಿಂದ ನಿಧಾನವಾಗಿ ಏರುತ್ತ 3,540 ಮೀಟರ್‌ನ ಮನಾಂಗ್‌ನಲ್ಲಿ ಒಂದು ದಿನ ನಿಂತು 5,416 ಮೀಟರ್‌ನ ಥೊರೊಂಗ್ ಲಾ ದಾಟುವ ಕ್ರಮ ದೇಹಕ್ಕೆ ಹೇಳಿ ಮಾಡಿಸಿದ್ದು. ಈಗ ಜೀಪು ಮನಾಂಗ್‌ವರೆಗೆ ಹೋಗುವುದರಿಂದ ಎಷ್ಟೋ ಜನ ಆ ಲಾಭವನ್ನು ತಾವೇ ಕಳೆದುಕೊಳ್ಳುತ್ತಾರೆ. ಪಾಸ್ ದಾಟಿದರೆ ಮುಕ್ತಿನಾಥ. ಅಲ್ಲಿ ಜೀಪಿನಲ್ಲಿ ಬಂದ ಯಾತ್ರಿಕರ ನಡುವೆ ಕನ್ನಡ ಕಿವಿಗೆ ಬಿತ್ತು, ನನ್ನ ಕೆಸರು ಪ್ಯಾಂಟ್ ನೋಡಿದ ಹಿರಿಯರೊಬ್ಬರು ಬಸ್ಸು ತಪ್ಪಿತೇನಪ್ಪಾ ಎಂದು ಕೇಳಿದರು.

ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಸಾರ್ಕ್ ದೇಶದವರಾದ ನಮಗೆ 1,000 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. ವಿದೇಶಿ ಚಾರಣಿಗರು ಪರವಾನಗಿ ಇರುವ ಮಾರ್ಗದರ್ಶಕರನ್ನು ಕರೆದೊಯ್ಯಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಬಂದಿದೆ, ಆ ಖರ್ಚನ್ನೂ ಸೇರಿಸಿಕೊಳ್ಳಿ.

ಯಾವ ತಿಂಗಳು ರಜೆ ಸಿಗುತ್ತದೆ ಎಂಬುದು ಆಯ್ಕೆಯನ್ನು ಇನ್ನಷ್ಟು ಸುಲಭ ಮಾಡುತ್ತದೆ. ದಸರಾ ರಜೆಗೆ ಹೊಂದುವುದು ನೇಪಾಳ ಮಾತ್ರ. ಅದೇ ಹೊತ್ತಿಗೆ ಅವರಿಗೂ ದಶೈಂ, ಬಸ್ಸುಗಳು ಕಿಕ್ಕಿರಿದಿರುತ್ತವೆ. ಜುಲೈ, ಆಗಸ್ಟ್ ಆದರೆ ಮಾರ್ಖಾ ಅಥವಾ ಕಾಶ್ಮೀರ. ಲಡಾಖ್ ಮಳೆಯ ನೆರಳಿನ ನಾಡು, ಆದರೂ ಬಿಸಿಲೇರಿದಂತೆ ಹಿಮ ಕರಗಿ ಹೊಳೆ ಉಬ್ಬುತ್ತದೆ, ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು. ಚಿಲಿಂಗ್ ಬಳಿ ಜಂಸ್ಕರ್ ನದಿಗೆ ಸೇತುವೆಯಾದ ಮೇಲೆ ವಾಹನದ ರಸ್ತೆ ಕಣಿವೆಯೊಳಗೆ ನುಗ್ಗುತ್ತಲೇ ಇದೆ. ಹಳ್ಳಿಯವರಿಗೆ ಆಸ್ಪತ್ರೆ, ಶಾಲೆ ಹತ್ತಿರವಾಗುವುದನ್ನು ಬೇಡವೆನ್ನಲು ನಾನು ಯಾರು? ಚಾರಣದ ದೃಷ್ಟಿಯಿಂದ ಹೇಳುವುದಾದರೆ ಮಾರ್ಖಾವನ್ನು ಮುಂದೂಡಬೇಡಿ.

ಮೊದಲ ಸಲ ಹೋಗುವವರಿಗೆ, ಅಮ್ಮನನ್ನೋ ಹದಿನಾರರ ಮಗಳನ್ನೋ ಕರೆದೊಯ್ಯುವವರಿಗೆ ನಾನು ಮಾರ್ಖಾ ಹೇಳುತ್ತೇನೆ. ಡೇರೆ ಹೂಡಿ ಗೊತ್ತಿರುವ ಮೂರು ನಾಲ್ಕು ಗೆಳೆಯರಿದ್ದರೆ ಕಾಶ್ಮೀರ, ಕುದುರೆಯವರನ್ನು ಸೋನಾಮಾರ್ಗ್‌ನಲ್ಲೇ ಮಾತಾಡಿಕೊಂಡು. ಎರಡು ವಾರಕ್ಕೂ ಹೆಚ್ಚು ರಜೆ ಇದ್ದು, ಒಬ್ಬರೇ ಹೊರಟವರಿಗೆ ಅನ್ನಪೂರ್ಣ.

ಎಲ್ಲಿಗೆ ಹೋದರೂ ಕೊನೆಗೆ ಒಂದು ದಿನ ಖಾಲಿ ಬಿಡಿ. ಲೇಹ್‌ನಿಂದ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತು ಮಾತ್ರ, ಹವಾಮಾನ ಕೆಟ್ಟರೆ ಅವತ್ತಿನದು ರದ್ದು. ಭಾನುವಾರ ಲೇಹ್ ಬಿಟ್ಟು ಸೋಮವಾರ ಬೆಂಗಳೂರಿನ ಕಚೇರಿಯಲ್ಲಿ ಹಾಜರಾಗುತ್ತೇನೆ ಎಂದು ಬಾಸ್‌ಗೆ ಮಾತು ಕೊಟ್ಟು ಬಂದವರನ್ನು ಆ ನಿಲ್ದಾಣದ ಬಾಗಿಲಲ್ಲಿ ಬೇಕಾದಷ್ಟು ನೋಡಬಹುದು, ಕಿವಿಗೆ ಮೊಬೈಲ್ ಒತ್ತಿಕೊಂಡು, ಸಿಗದ ಸಿಗ್ನಲ್ ಹುಡುಕುತ್ತ.