ಇರುವೆಗಳ ಆಟಕ್ಕೆ ಯಾವ ಜೇಡ ಒಳ್ಳೆಯ ಶತ್ರು?

ಗೂಡು ಕಟ್ಟಿ ಇರುವೆಗಳ ವಸಾಹತನ್ನು ಬೆಳೆಸುವ ತಂತ್ರದ ಆಟವೊಂದನ್ನು ನಾನು ಬಿಡುವಿನಲ್ಲಿ ರೂಪಿಸುತ್ತಿದ್ದೇನೆ. ಅದಕ್ಕೆ ಜೇಡವೇ ಶತ್ರುವಾಗಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ಯಾವ ಜೇಡ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಒಂದೇ ನಕ್ಷೆಯಲ್ಲಿ 200 ಕೆಲಸಗಾರ ಇರುವೆಗಳನ್ನೂ ಒಂದು ಆಹಾರದ ರಾಶಿಯನ್ನೂ ಇಟ್ಟು, ತೋಳ ಜೇಡ, ಜಿಗಿಯುವ ಜೇಡ ಮತ್ತು ಬಲೆ ಹೂಡಿ ಕಾಯುವ ಜೇಡ, ಈ ಮೂರನ್ನೂ ಸರದಿಯಂತೆ ಬಿಟ್ಟು ನೋಡಿದೆ.

ತೋಳ ಜೇಡ ಬೇಟೆಗೆಂದು ಬಲೆ ನೇಯದೆ ನೆಲದ ಮೇಲೆ ಓಡಾಡಿ ಹಿಡಿಯುವ ಪ್ರಾಣಿಯಾದ್ದರಿಂದ ಅದರ ಕೋಡ್ ಬರೆಯುವುದು ಸುಲಭ. ಆದರೆ ಮೊದಲ ಆವೃತ್ತಿಯಲ್ಲಿ ಅದು ಎದುರಿಗೆ ಬಂದ ಇರುವೆಗಳನ್ನೆಲ್ಲ ಕೊಲ್ಲುತ್ತಾ ಹೋಯಿತು. ನಾನು ಹೆಚ್ಚು ಸೈನಿಕ ಇರುವೆಗಳನ್ನು ಕಳಿಸಿದೆ, ಅದು ಸತ್ತಿತು, ಅಲ್ಲಿಗೆ ಮುಗಿಯಿತು. ನಿಜದಲ್ಲಿ ಇರುವೆ ಕಚ್ಚುತ್ತದೆ, ಕೆಲವು ಜಾತಿಗಳು ಫಾರ್ಮಿಕ್ ಆಮ್ಲ ಸಿಡಿಸುತ್ತವೆ, ಒಂದರ ಹಿಂದೆ ಹತ್ತು ಬರುತ್ತವೆ. ಹಾಗಾಗಿ ಹೆಚ್ಚಿನ ಜೇಡಗಳು ಇರುವೆಗಳ ಸಹವಾಸಕ್ಕೇ ಹೋಗುವುದಿಲ್ಲ. ಆದ್ದರಿಂದ ಹಸಿವು ಮತ್ತು ಭಯ ಎಂಬ ಎರಡು ಅಳತೆಗಳನ್ನು ಸೇರಿಸಿದೆ. ಒಂದು ಇರುವೆ ಸಿಕ್ಕರೆ ಜೇಡ ಅದನ್ನು ಕಲ್ಲಿನ ಮರೆಗೆ ಎಳೆದೊಯ್ದು ಸುಮ್ಮನಾಗುತ್ತದೆ. ಮೂರು ಇರುವೆಗಳು ಕಾಲು ಹಿಡಿದರೆ ಕೊಡವಿಕೊಂಡು ಓಡುತ್ತದೆ. ಇಷ್ಟರಿಂದಲೇ ಅದಕ್ಕೆ ಜೀವ ಬಂದಂತಾಯಿತು. ನಡಿಗೆಯಲ್ಲಿ ಮಾತ್ರ ಎಡವಿದ್ದೆ. ಇರುವೆ ಮೂರು ಮೂರು ಕಾಲುಗಳನ್ನು ಒಟ್ಟಿಗೆ ಎತ್ತಿಡುತ್ತದೆ, ಜೇಡ ಸಾಮಾನ್ಯವಾಗಿ ನಾಲ್ಕು ನಾಲ್ಕನ್ನು; ಇರುವೆಯ ಅನಿಮೇಷನ್ನನ್ನೇ ಹಿಗ್ಗಿಸಿ ಬಳಸಿದ್ದರಿಂದ ನನ್ನ ಜೇಡ ದಪ್ಪಗಾದ ಇರುವೆಯಂತೆ ಕಾಣುತ್ತಿತ್ತು.

ಜಿಗಿಯುವ ಜೇಡದ ಮೇಲೆ ನನಗಿದ್ದ ಮೋಹ ದೊಡ್ಡದು. ಅದು ಜಿಗಿಯುವ ಮುನ್ನ ನಿಂತ ಜಾಗಕ್ಕೆ ಒಂದು ಎಳೆಯನ್ನು ಅಂಟಿಸಿಕೊಳ್ಳುತ್ತದೆ, ದೇಹದ ದ್ರವದ ಒತ್ತಡದಿಂದ ಕಾಲುಗಳನ್ನು ಚಾಚಿ ಹಾರುತ್ತದೆ. ಇದನ್ನೆಲ್ಲ ಮಾಡಿದ ಮೇಲೆ ತಿಳಿದದ್ದು ಇಷ್ಟೇ: ಮೇಲಿನಿಂದ ನೋಡುವ ಆಟದಲ್ಲಿ, ನೂರಾರು ಇರುವೆಗಳ ನಡುವೆ, ಆ ನಾಜೂಕು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಬದಿಗಿಟ್ಟೆ.

ಮೂರನೆಯದು, ಬಲೆ ಹೂಡಿ ಕಾಯುವುದು, ಥೆರಿಡಿಡೀ ಎಂಬ ಕುಟುಂಬದ ಜೇಡ. ಈ ಕುಟುಂಬದ ಕೆಲವು ಜೇಡಗಳು ಅಸ್ತವ್ಯಸ್ತವಾಗಿ ಕಾಣುವ ಬಲೆಯಿಂದ ನೆಲಕ್ಕೆ ಬಿಗಿಯಾದ ಎಳೆಗಳನ್ನು ಇಳಿಬಿಟ್ಟು, ಅವುಗಳ ಕೆಳತುದಿಗೆ ಅಂಟಿನ ಹನಿಗಳನ್ನು ಹಚ್ಚಿರುತ್ತವೆ. ಇರುವೆ ತಗುಲಿದೊಡನೆ ಎಳೆ ನೆಲದಿಂದ ಕಿತ್ತು, ಬಿಗುವಿಗೆ ಸೆಟೆದು, ಅದನ್ನು ಮೇಲಕ್ಕೆತ್ತುತ್ತದೆ. ಜೇಡ ಇಳಿದು ಬಂದು ಹಿಂಗಾಲುಗಳಿಂದ ಅಂಟುರೇಷ್ಮೆ ಎಸೆದು ಕಟ್ಟಿಹಾಕಿ ಆಮೇಲೆ ಕಚ್ಚುತ್ತದೆ. ಕೋಡ್‌ನಲ್ಲಿ ಇದು ಬಿಗುವುಳ್ಳ ಒಂದು ಗೆರೆ, ಅಷ್ಟೆ. ಆದರೆ ಪರಿಣಾಮ ದೊಡ್ಡದು. ಬಲೆ ಇರುವೆಗಳ ಜಾಡಿನ ಮೇಲಿದ್ದರೆ ಆಹಾರ ಹೊತ್ತು ಮರಳುವವು ಕಡಿಮೆಯಾಗುತ್ತವೆ, ಜಾಡಿನ ಫೆರೋಮೋನ್, ಅಂದರೆ ಇರುವೆಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ವಾಸನೆ, ನವೀಕರಣವಾಗದೆ ಆರಿಹೋಗುತ್ತದೆ, ವಸಾಹತು ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆ. ಆಟಗಾರ ಜೇಡವನ್ನು ಕಾಣುವ ಮೊದಲೇ ಇರುವೆಗಳ ಸಾಲು ತೆಳ್ಳಗಾಗುವುದನ್ನು ಕಾಣುತ್ತಾನೆ. ತೋಳ ಜೇಡ ಕೇಳುವುದು ಸೈನ್ಯವನ್ನು. ಇದು ಕೇಳುವುದು ಗಮನವನ್ನು. ತಂತ್ರದ ಆಟಕ್ಕೆ ಎರಡನೆಯದೇ ತಕ್ಕದ್ದೆಂದು ನನ್ನ ಅಭಿಪ್ರಾಯ.

ಇಲ್ಲಿಯೂ ಒಂದು ಎಡವಟ್ಟಾಯಿತು. ಅಪಾಯದ ಫೆರೋಮೋನಿಗೂ ಜಾಡಿನದಕ್ಕೂ ಒಂದೇ ಆರುವ ವೇಗ ಕೊಟ್ಟಿದ್ದರಿಂದ, ಒಂದು ಇರುವೆ ಸಿಕ್ಕಿಬಿದ್ದೊಡನೆ ಇಡೀ ವಸಾಹತು ಬಲೆಯ ಕೆಳಗೆ ನೆರೆದು ಒಂದೊಂದಾಗಿ ಮೇಲೇರುತ್ತಿತ್ತು. ಅಪಾಯದ ವಾಸನೆ ಬೇಗ ಆರಬೇಕು. ಬೀಜ ಕೂಡಿಡುವ ಕಟಾವು ಇರುವೆಗಳಲ್ಲಿ ಕಂಡಂತೆ ತೆಳುವಾಗಿದ್ದಾಗ ಸೆಳೆಯಬೇಕು, ದಟ್ಟವಾಗಿದ್ದಾಗ ಕೆರಳಿಸಬೇಕು. ಹಾಗೆ ತಿದ್ದಿದ ಮೇಲೆ ಗುಂಪು ಕೆಲವು ಸೆಕೆಂಡುಗಳಲ್ಲೇ ಚದುರತೊಡಗಿತು.

ಈಗ ಬಲೆಯ ಜೇಡವೇ ಮುಖ್ಯ ಶತ್ರು. ತೋಳ ಜೇಡ ಬಯಲಿನಲ್ಲಿ ರಾತ್ರಿ ಮಾತ್ರ ಬರುತ್ತದೆ. ರಸ ಹೀರಿ ಮುಗಿದ ಇರುವೆಗಳ ಟೊಳ್ಳು ದೇಹಗಳು ಬಲೆಯ ಕೆಳಗೆ ಬೀಳುವಂತೆ ಮಾಡಿದ್ದೇನೆ, ನೋಡುವವರಿಗೆ ಸುಳಿವಾಗಲೆಂದು. ಸತ್ತ ಇರುವೆಯಲ್ಲಿ ಹುಟ್ಟುವ ಓಲಿಕ್ ಆಮ್ಲದ ವಾಸನೆ ಹಿಡಿದು ಹೆಣವನ್ನು ಕಸದ ರಾಶಿಗೆ ಸಾಗಿಸುವ ನಡವಳಿಕೆಯನ್ನೂ ನನ್ನ ಇರುವೆಗಳಿಗೆ ಮೊದಲೇ ಕೊಟ್ಟಿದ್ದೆ. ಎರಡೂ ಸೇರಿದಾಗ, ಹೆಣ ಒಯ್ಯಲು ಬಂದ ಇರುವೆಯೇ ಪಕ್ಕದ ಎಳೆಗೆ ತಗುಲಿ ಮೇಲೇರಿತು. ಅದನ್ನು ನಾನು ಯೋಜಿಸಿರಲಿಲ್ಲ, ತೆಗೆದುಹಾಕಲೂ ಇಲ್ಲ.