ಹನಿ ಮಣಿಗೆ ತಂತಿ ಸುತ್ತುವ ಸೆಟ್: 3 ವರ್ಷ ಬಳಸಿದ ಮೇಲೆ

2022ರ ದಸರಾ ರಜೆಯಲ್ಲಿ ಈ ಸೆಟ್ ತರಿಸಿಕೊಂಡೆ. ಮೂರು ಚಿಕ್ಕ ಪ್ಲೈಯರ್ (ಇಕ್ಕಳ), ಜೊತೆಗೆ ಬಂಗಾರದ ಬಣ್ಣದ ತಾಮ್ರದ ತಂತಿ ಎರಡು ರೀಲು. ಒಂದು 22 ಗೇಜ್, ಇನ್ನೊಂದು 26. ಗೇಜ್ ಅಂದರೆ ತಂತಿಯ ದಪ್ಪ ಹೇಳುವ ನಂಬರ್, ನಂಬರ್ ಹೆಚ್ಚಾದಷ್ಟೂ ತಂತಿ ತೆಳು. ಅವತ್ತಿನಿಂದ ವಾರಕ್ಕೆ ಮೂರು ದಿನವಾದರೂ ಕೈಗೆತ್ತಿಕೊಂಡಿದ್ದೇನೆ. ಸುಮಾರು 400 ಜೊತೆ ಓಲೆ ಮಾಡಿರಬಹುದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹನಿ ಮಣಿಯವೇ, ಅಂದರೆ ನೀರಿನ ಹನಿಯ ಆಕಾರದ ಮಣಿಯವು.

ಹನಿ ಮಣಿಯ ಕಷ್ಟ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಗುಂಡು ಮಣಿಗೆ ತೂತು ಮೇಲಿನಿಂದ ಕೆಳಕ್ಕೆ ಇರುತ್ತದೆ. ಒಂದು ಪಿನ್ ತೂರಿಸಿ ಮೇಲೆ ಕುಣಿಕೆ ಮಾಡಿದರೆ ಮುಗಿಯಿತು. ಹನಿ ಮಣಿಗೆ ತೂತು ಚೂಪು ತುದಿಯ ಹತ್ತಿರ, ಅಡ್ಡಡ್ಡ. ಮಣಿ ಎಲ್ಲಿ ಅತಿ ತೆಳುವೋ ಅಲ್ಲೇ ತೂತು. ತಂತಿಯನ್ನು ಅಲ್ಲೇ ಬಗ್ಗಿಸಬೇಕು, ಮಣಿಯ ಪೂರ್ತಿ ಭಾರವೂ ಅಲ್ಲೇ ನೇತಾಡುತ್ತದೆ. ಒಡೆದರೂ ಅಲ್ಲೇ ಒಡೆಯುತ್ತದೆ. ಹಾಗಾಗಿ ನಾನು ಯಾವ ಸಾಮಾನನ್ನೇ ಆಗಲಿ, ಆ ತುದಿ ಉಳಿಯಿತಾ ಇಲ್ವಾ ಅಂತ ನೋಡಿಯೇ ಅಳೆಯುವುದು.

ಪ್ಲೈಯರ್‌ಗಳ ಬಗ್ಗೆ ಹೇಳುವುದು ಕಡಿಮೆ. ದುಂಡು ಮೂತಿಯ ರೌಂಡ್ ನೋಸ್ ಪ್ಲೈಯರ್ ಇವತ್ತಿಗೂ ಚೆನ್ನಾಗಿದೆ. ಅದರ ಮೂತಿಗೆ ನಾನೊಂದು ಕಡೆ ಮಾರ್ಕರ್‌ನಿಂದ ಗೆರೆ ಹಾಕಿದ್ದೇನೆ. ಯಾವಾಗಲೂ ಆ ಗೆರೆಯ ಮೇಲೇ ಕುಣಿಕೆ ಸುತ್ತಿದರೆ ಎರಡು ಕಿವಿಯ ಓಲೆಯೂ ಒಂದೇ ಅಳತೆ ಬರುತ್ತದೆ. ಚಪ್ಪಟೆ ಮೂತಿಯ ಪ್ಲೈಯರ್‌ನ ಸ್ಪ್ರಿಂಗ್ 14 ತಿಂಗಳಿಗೆ ಮುರಿಯಿತು. ಸ್ಪ್ರಿಂಗ್ ಇಲ್ಲದೆಯೂ ಕೆಲಸ ನಡೆಯುತ್ತದೆ, ಆದರೆ ಹೆಬ್ಬೆರಳು ನೋಯುತ್ತದೆ. ಕಟರ್ ಮಾತ್ರ ಬೇಸರ ತರಿಸಿತು. ಎರಡನೇ ವರ್ಷಕ್ಕೇ ಮೊಂಡಾಯಿತು. ಮೊಂಡು ಕಟರ್‌ನಲ್ಲಿ ಕತ್ತರಿಸಿದ ತಂತಿಯ ತುದಿ ಮುಳ್ಳಿನಂತೆ ಉಳಿದು ಕೂದಲಿಗೆ, ಸೀರೆಯ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಕಟರ್ ಒಂದನ್ನು ಬೇರೆಯಾಗಿ, ಸ್ವಲ್ಪ ದುಡ್ಡು ಹಾಕಿ ಒಳ್ಳೆಯದೇ ತಗೊಳ್ಳಿ.

ತಂತಿಯ ವಿಷಯ ದೊಡ್ಡದು. ಈ ಸೆಟ್ಟನ್ನು ನಾನು ಇಷ್ಟಪಡುವುದೇ ಆ 26 ಗೇಜ್ ರೀಲಿಗೋಸ್ಕರ. ತುಂಬಾ ಮೆತ್ತಗಿದೆ, ಬೆರಳಲ್ಲೇ ಬಗ್ಗುತ್ತದೆ. ನಾನು 15 ಸೆಂಟಿಮೀಟರ್ ಕತ್ತರಿಸಿಕೊಳ್ಳುತ್ತೇನೆ. ತೂತಿನಲ್ಲಿ ತೂರಿಸಿ ಒಂದು ಕಡೆ 3 ಸೆಂಟಿಮೀಟರ್ ಬಿಡುತ್ತೇನೆ. ಎರಡೂ ಎಳೆಯನ್ನು ನಿಧಾನವಾಗಿ ಮೇಲಕ್ಕೆ ತಂದು ತುದಿಯ ಮೇಲೆ ಕತ್ತರಿ ಹಾಕಿದ ಹಾಗೆ ದಾಟಿಸುತ್ತೇನೆ. ಇಲ್ಲಿ ಬಿಗಿಯಾಗಿ ಎಳೆಯಬಾರದು. ತಂತಿಗೂ ಮಣಿಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗ ಇರಲಿ. ಗಿಡ್ಡ ಎಳೆಯನ್ನು ಉದ್ದದ ಎಳೆಗೆ ಎರಡು ಸುತ್ತು ಸುತ್ತಿ ಕತ್ತರಿಸಿಬಿಡಿ. ಆಮೇಲೆ ಉದ್ದದ ಎಳೆಯಲ್ಲಿ ಕುಣಿಕೆ ಮಾಡಿ, ಉಳಿದಿದ್ದನ್ನು ಕುಣಿಕೆಯ ಬುಡದ ಕುತ್ತಿಗೆಯಿಂದ ಕೆಳಕ್ಕೆ, ತೂತು ಮುಚ್ಚುವವರೆಗೂ ಒಂದರ ಪಕ್ಕ ಒಂದು ಸುತ್ತುತ್ತಾ ಬನ್ನಿ. ಮಣಿಗೆ ಪುಟ್ಟ ಟೋಪಿ ಹಾಕಿದ ಹಾಗೆ ಕಾಣುತ್ತದೆ. ನೋಡೋಕೆ ಚೆಂದ, ತೆಳು ತುದಿಗೆ ಆಸರೆಯೂ ಹೌದು.

ಮೊದಲ ರೀಲು ಎಂಟು ತಿಂಗಳಿಗೆ ಮುಗಿಯಿತು. ಹತ್ತಿರದ ಅಂಗಡಿಯಲ್ಲಿ 26 ಗೇಜ್ ಕೇಳಿ ತಂದೆ. ಜೈಪುರದಿಂದ ತರಿಸಿದ್ದ ನೇರಳೆ ಅಮೆಥಿಸ್ಟ್ ಹನಿಗಳಿದ್ದವು, ಒಂದು ಸರ. ಇಂಥ ಹರಳುಗಳನ್ನು ಕತ್ತರಿಸಿ ಉಜ್ಜಿ ಹೊಳಪು ಕೊಡುವುದರಲ್ಲಿ ಜೈಪುರದವರದು ಪಳಗಿದ ಕೈ. ಹರಳಿನ ಮಣಿಗೆ ತೂತು ತುಂಬಾ ಸಣ್ಣದು, ಗಾಜಿನ ಮಣಿಯಷ್ಟು ದೊಡ್ಡದಿರುವುದಿಲ್ಲ. ಹೊಸ ತಂತಿ ಒಂದರಲ್ಲೂ ಹೋಗಲಿಲ್ಲ. ಒತ್ತಿ ತೂರಿಸಲು ನೋಡಿದೆ. ಟಿಕ್ ಅಂತ ಸಣ್ಣ ಸದ್ದು. ತುದಿಯಿಂದ ಅಕ್ಕಿಯ ನುಚ್ಚಿನಷ್ಟು ಚೂರು ಎದ್ದು ಬಂತು. ಆ ಸದ್ದು ನನಗೆ ಈಗಲೂ ನೆನಪಿದೆ.

ಕಾರಣ ಗೊತ್ತಾಗಿದ್ದು ದಪ್ಪ ಅಳೆಯುವ ವರ್ನಿಯರ್‌ನಲ್ಲಿ ಅಳೆದ ಮೇಲೆ. ಗೇಜ್‌ನಲ್ಲಿ ಎರಡು ಲೆಕ್ಕ ಇದೆ. ಅಮೆರಿಕದ ಲೆಕ್ಕದಲ್ಲಿ 26 ಗೇಜ್ ಅಂದರೆ 0.40 ಮಿಲಿಮೀಟರ್, ಸೆಟ್ಟಿನದು ಇದೇ. ಬ್ರಿಟಿಷರ ಲೆಕ್ಕದಲ್ಲಿ ಅದೇ 26 ಅಂದರೆ 0.46. ನಮ್ಮ ಅಂಗಡಿಗಳಲ್ಲಿ, ಅದರಲ್ಲೂ ಮೋಟರ್ ಸಾಮಾನಿನ ಕಡೆ, ನಡೆಯುವುದು ಜಾಸ್ತಿ ಬ್ರಿಟಿಷ್ ಲೆಕ್ಕ. ಹೊರದೇಶದವರ ವಿಡಿಯೋ ನೋಡಿಕೊಂಡು ಇಲ್ಲಿ ತಂತಿ ಕೇಳಿದರೆ ದಪ್ಪದ್ದೇ ಸಿಗುತ್ತದೆ. ಇಲ್ಲಿ 27 ಅಥವಾ 28 ಕೇಳಿ. 27 ಅಂದರೆ 0.42, 28 ಅಂದರೆ 0.38 ಮಿಲಿಮೀಟರ್. ನಂಬರ್ ಬಿಟ್ಟು ಮಿಲಿಮೀಟರ್‌ನಲ್ಲೇ ಕೇಳಿದರೆ ಇನ್ನೂ ಒಳ್ಳೆಯದು.

ಮೋಟರ್ ಅಂದೆನಲ್ವಾ, ಅದನ್ನೂ ಹೇಳಬೇಕು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ತಂತಿ ತೂಕದ ಮೇಲೆ ಸಿಗುತ್ತದೆ. ಅದೂ ತಾಮ್ರವೇ, ಮೇಲೊಂದು ಎನಾಮಲ್ ಲೇಪ ಇರುತ್ತದೆ. ಅಂಗಡಿಯ ಯಜಮಾನರು "ಯಾವ ಮೋಟರಿಗಮ್ಮಾ?" ಅಂದರು. ಕಿವಿಯ ಓಲೆ ತೆಗೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ 27, 28ರ ತುಂಡುಗಳನ್ನು ಕೈಗಿಟ್ಟು, "ಮೊದಲು ಹಾಕಿ ನೋಡಿ, ಸರಿಹೋದರೆ ಬನ್ನಿ" ಅಂದರು. ದುಡ್ಡು ತಗೊಳ್ಳಲಿಲ್ಲ. 28 ಸರಿಹೋಯಿತು. ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ತಂತಿ ಇಲ್ಲ ಅಂತ ನನ್ನ ಅನಿಸಿಕೆ. ಬಣ್ಣ ಮಾತ್ರ ಕೆಂಪು ಕೆಂಪಗೆ, ಬಂಗಾರದ ಹಾಗಲ್ಲ.

ಈಗ ಬಾಳಿಕೆ. ಬಂಗಾರದ ಬಣ್ಣ ಒಂದೂವರೆ ವರ್ಷ ಹಾಗೇ ಇತ್ತು. ಆಮೇಲೆ ಕಿವಿಗೆ ಹಾಕುವ ಕೊಕ್ಕೆ ಉಜ್ಜುವ ಕುಣಿಕೆಯಲ್ಲಿ ಮಾತ್ರ ಹೋಗಿ ತಾಮ್ರ ಇಣುಕಿತು. ಸುತ್ತಿದ ಟೋಪಿಯ ಬಣ್ಣ ಇವತ್ತಿಗೂ ಇದೆ. ಅದಕ್ಕೇ ಈಗ ಕುಣಿಕೆಗೂ ಕೊಕ್ಕೆಗೂ ನಡುವೆ ಬೇರೆ ಉಂಗುರ ಹಾಕುತ್ತೇನೆ. ಉಜ್ಜಿ ಬಣ್ಣ ಹೋದರೆ ಉಂಗುರ ಬದಲಾಯಿಸಿದರಾಯಿತು. ಹಲ್ಲಿರುವ ಪ್ಲೈಯರ್‌ನಲ್ಲಿ ಈ ತಂತಿಯನ್ನು ಹಿಡಿಯಬೇಡಿ, ಬಣ್ಣ ಅಲ್ಲೇ ಕಿತ್ತು ಬರುತ್ತದೆ.

ತಾಮ್ರ ಕಪ್ಪಾಯಿತು ಅಂತ ಹುಣಸೆಹಣ್ಣಿನಲ್ಲಿ ತೊಳೆಯುವವರಿದ್ದಾರೆ. ಬರೀ ತಾಮ್ರಕ್ಕೆ ಸರಿ. ಬಣ್ಣ ಹಚ್ಚಿದ ತಂತಿಗೆ ಬೇಡ. ಮುತ್ತಿನ ಹನಿ ಇದ್ದರಂತೂ ಹುಳಿ ತಾಕಿಸಲೇಬೇಡಿ, ಮುತ್ತಿನ ಹೊಳಪು ಹೋಗಿಬಿಡುತ್ತದೆ.

ಒಂದು ಸಲ ಮನಸ್ಸಿಗೆ ತುಂಬಾ ನೋವಾಯಿತು. ಗೆಳತಿಯ ಮಗಳಿಗೆ ನೀಲಿ ಗಾಜಿನ ಹನಿಯ ಲೋಲಾಕು ಮಾಡಿಕೊಟ್ಟಿದ್ದೆ. ನಾಲ್ಕು ತಿಂಗಳಾದ ಮೇಲೆ ಅವಳು ಒಂದೇ ಓಲೆ ಹಿಡಿದುಕೊಂಡು ಬಂದಳು. "ಆಂಟಿ, ಬಸ್ಸಿಂದ ಇಳಿದು ನೋಡ್ತೀನಿ, ಇಲ್ಲ." ಉಳಿದಿದ್ದನ್ನು ಭೂತಗನ್ನಡಿ ಹಿಡಿದು ನೋಡಿದೆ. ತೂತಿನ ಅಂಚಿಗೆ ತಾಗುವ ಕಡೆ ತಂತಿ ಅರ್ಧ ಸವೆದಿತ್ತು. ಗಾಜಿನ ತೂತಿನ ಬಾಯಿ ಹರಿತವಾಗಿತ್ತು, ಓಲೆ ಓಲಾಡಿದಾಗೆಲ್ಲ ಅದು ತಂತಿಯನ್ನು ಕುಯ್ದಿದೆ. ಜೊತೆಗೆ ಆ ತಂತಿಯನ್ನು ನಾನು ಬಿಚ್ಚಿ ಎರಡನೇ ಸಲ ಸುತ್ತಿದ್ದೆ. ತಾಮ್ರ ಬಗ್ಗಿಸಿದಷ್ಟೂ ಗಡಸಾಗುತ್ತದೆ, ಗಡಸಾದಷ್ಟೂ ಬೇಗ ಮುರಿಯುತ್ತದೆ. ತಪ್ಪು ತಂತಿಯದಲ್ಲ, ನನ್ನದೇ.

ಅವತ್ತಿನಿಂದ ಬಿಚ್ಚಿದ ತಂತಿ ಸೀದಾ ಡಬ್ಬಕ್ಕೆ. ಗಾಜಿನ ಮಣಿಯ ತೂತನ್ನು ನೀರಲ್ಲಿ ಅದ್ದಿ, ವಜ್ರದ ಪುಡಿ ಅಂಟಿಸಿದ, ತೂತಿನ ಅಂಚು ನಯಮಾಡುವ ಸಣ್ಣ ಕಡ್ಡಿಯಾದ ರೀಮರ್‌ನಿಂದ ಎರಡೂ ಕಡೆ ನಾಲ್ಕು ಸುತ್ತು ಮೆಲ್ಲಗೆ ಉಜ್ಜುತ್ತೇನೆ. ಮೂನ್‌ಸ್ಟೋನಿಗೆ ಅದೂ ಬೇಡ. ಆ ಕಲ್ಲು ಪದರದ ಉದ್ದಕ್ಕೆ ಸೀಳುವ ಜಾತಿಯದು, ಸುಮ್ನೆ ತೆಳು ತಂತಿ ಹಾಕಿ, ಸಡಿಲ ಬಿಟ್ಟು ಸುತ್ತಿದರೆ ಸಾಕು.

22 ಗೇಜ್ ರೀಲಿನ ಕಥೆ ಇಷ್ಟೇ: ಹನಿ ಮಣಿಯ ತೂತಿಗೆ ಅದು ದಪ್ಪ. ಕೊಕ್ಕೆ ಮಾಡೋಣ ಅಂದರೆ ಮೆತ್ತಗೆ. ಮುಕ್ಕಾಲು ರೀಲು ಹಾಗೇ ಕೂತಿದೆ.

ಇನ್ನೊಮ್ಮೆ ಈ ಸೆಟ್ ತಗೊಳ್ಳುತ್ತೀರಾ ಅಂದರೆ ಇಲ್ಲ. ರೌಂಡ್ ನೋಸ್ ಪ್ಲೈಯರ್ ಮತ್ತು 0.40ರ ತಂತಿ, ಎರಡನ್ನೇ ಬಿಡಿಯಾಗಿ ತಗೊಳ್ಳುತ್ತೇನೆ. ಆ ತಂತಿಯ ನಾಲ್ಕನೇ ರೀಲು ಹೋದ ವಾರ ಬಂತು. ಗೆಳತಿಯ ಮಗಳು ಕಳೆದುಕೊಂಡ ನೀಲಿ ಹನಿಗೆ ಜೋಡಿ ಸಿಗಲಿಲ್ಲ. ಉಳಿದ ಒಂದಕ್ಕೆ ಹೊಸ ತಂತಿ ಸುತ್ತಿ ಸರಕ್ಕೆ ಪದಕ ಮಾಡಿಕೊಟ್ಟೆ. ಎರಡು ವರ್ಷದಿಂದ ಅವಳ ಕೊರಳಲ್ಲಿದೆ.